ನೀಲಾಳ ಕೈಯ ಕೆಂಪು ಗುರುತು

ನೆತ್ತರಿಗೆ ನೆನಪಿರುತ್ತದೆ ಎಂದರೆ ಬ್ಯಾಡಗಿಯಲ್ಲಿ ನಮ್ಮ ಓಣಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. "ಹಂಗಾದ್ರ ನಮ್ಮ ಮನಿಯವರ ನೆತ್ತರಾ ತಗದು ನೋಡಬೇ ದಾನಮ್ಮ, ನನ್ನ ಹೆಸರರೆ ನೆನಪೈತೋ ಇಲ್ಲೋ" ಎಂದು ಪಕ್ಕದ ಮನೆಯ ಚನ್ನವ್ವ ಕಾಡಿಸುತ್ತಿದ್ದಳು. ನಗಲಿ ಬಿಡಿ. ಹುಬ್ಬಳ್ಳಿಯ ಕೇಂದ್ರದಲ್ಲಿ ನಾನು ಮಾಡುತ್ತಿದ್ದ ಕೆಲಸವೇ ಅದು. ಮಕ್ಕಳ ನೆತ್ತರನ್ನು ಯಂತ್ರಕ್ಕೆ ಕೊಟ್ಟು, ಅದಕ್ಕೆ ಏನೇನು ನೆನಪಿದೆ ಎಂದು ಕೇಳುತ್ತಿದ್ದೆ.

ಆ ಯಂತ್ರಕ್ಕೆ ಒಂದು ಮಾರುದ್ದದ ಹೆಸರಿತ್ತು. ನಾವ್ಯಾರೂ ಅದನ್ನು ಬಳಸುತ್ತಿರಲಿಲ್ಲ, ‘ಮುದುಕಿ’ ಎಂದೇ ಕರೆಯುತ್ತಿದ್ದೆವು. ಹಳೆಯದನ್ನೆಲ್ಲ ಕೆದಕಿ ಹೇಳುತ್ತಿತ್ತಲ್ಲ, ಅದಕ್ಕೆ. ಮೈಗೆ ಒಮ್ಮೆ ಬಂದು ಹೋದ ರೋಗವನ್ನು ನೆತ್ತರಿನ ಕೆಲವು ಕಣಗಳು ಜನ್ಮವಿಡೀ ನೆನಪಿಡುತ್ತವೆ. ಮತ್ತೆ ಬಂದರೆ ಗುರುತು ಹಿಡಿದು ಓಡಿಸಬೇಕಲ್ಲ! ಮುದುಕಿ ಆ ಕಣಗಳನ್ನು ಹೆಕ್ಕಿ ತೆಗೆದು, ಈ ಮಗುವಿನ ಮೈ ಯಾವ ವರ್ಷದ ಯಾವ ಕಾಲದಲ್ಲಿ ಯಾವ ರೋಗದ ಜೊತೆ ಗುದ್ದಾಡಿತ್ತು, ಯಾವ ಔಷಧವನ್ನು ವೈರಿ ಎಂದುಕೊಂಡಿತ್ತು ಎಂದು ಹೇಳುತ್ತಿತ್ತು.

ಈ ಉಸಾಬರಿ ಯಾಕೆ ಬೇಕಾಯಿತು ಎಂದರೆ, ಈಗ ಹುಟ್ಟುವ ಪ್ರತಿ ಮಗುವಿನ ಮಣಿಕಟ್ಟಿನ ಚರ್ಮದಡಿ ಜೋಳದ ಕಾಳಿನಷ್ಟು ಒಂದು ಗುರುತು ಇಡುತ್ತಾರೆ. ಒಗ್ಗದ ಔಷಧವೇನಾದರೂ ಇದ್ದರೆ ಅದು ಕೆಂಪಗೆ ಹೊಳೆಯುತ್ತದೆ. ಆ ಔಷಧದ ಸೂಜಿಯಾಗಲಿ, ಬಾಟಲಿಯ ಮುಚ್ಚಳವಾಗಲಿ ಆ ಕೆಂಪನ್ನು ಕಂಡರೆ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಆಮೇಲೆ ದೇವರೇ ಬಂದು ತಿರುವಿದರೂ ತೆರೆಯುವುದಿಲ್ಲ. ಒಳ್ಳೆಯದೇ, ಎಷ್ಟೋ ಜೀವ ಉಳಿದಿವೆ. ಆದರೆ ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಕೆಂಪು ಹೊತ್ತ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಜ್ವರ ಬಂದಿರುತ್ತದೆ, ಸಿರಪ್ ಕುಡಿಸಿರುತ್ತಾರೆ, ಜ್ವರದಿಂದಲೇ ಮೈಮೇಲೆ ದದ್ದು ಎದ್ದಿರುತ್ತದೆ. ಅಪವಾದ ಮಾತ್ರ ಸಿರಪ್ಪಿನ ತಲೆಗೆ. ಅಂಥ ಸುಳ್ಳು ಕೆಂಪನ್ನು ಅಳಿಸಿ ಕಳಿಸುವುದು ನಮ್ಮ ಕೇಂದ್ರದ ಕೆಲಸವಾಗಿತ್ತು.

ನನ್ನ ಅಣ್ಣನ ಮಗಳು ನೀಲಾಳ ಕೈಯಲ್ಲೂ ಅಂಥದೊಂದು ಕೆಂಪು ಇತ್ತು.

ಅಣ್ಣ ಫಕೀರಪ್ಪ ಇರುವುದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೆ ಕೆಲಸ. ನಾನು ಹೋದರೆ ಬಸ್ಸಿಳಿದ ಕೂಡಲೇ ನಾಲ್ಕು ಸಲ ಸೀನಬೇಕು. ಊರಿನ ಗಾಳಿಯೇ ಖಾರ. ನಮ್ಮ ಅವ್ವ, ಅಣ್ಣನ ಹೆಂಡತಿ ಮಹಾದೇವಿ ವೈನಿ, ಚನ್ನವ್ವ ಎಲ್ಲರೂ ಪಡಸಾಲೆಯಲ್ಲಿ ಚೀಲ ಸುರುವಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿರುತ್ತಿದ್ದರು. ನೀಲಾ ಅವರ ನಡುವೆ ಕೂತು ಊರ ಪಂಚಾಯಿತಿಯೆಲ್ಲ ಮಾಡುತ್ತಿದ್ದಳು. "ಅತ್ತಿ, ನಿಮ್ಮ ಮುದುಕಿ ಆರಾಮ ಅದಾಳ? ಆಕಿಗೆ ನನ್ನ ನಮಸ್ಕಾರ ಹೇಳಿದಿಯೋ ಇಲ್ಲೋ?" ಎಂದು ನನ್ನ ಬ್ಯಾಗಿಗೆ ಜೋತುಬೀಳುತ್ತಿದ್ದಳು. ಬಾಯಿ ಅಂದರೆ ಬಾಯಿ ಆ ಹುಡುಗಿಯದು.

ಅವಳಿಗೆ ಮೂರು ವರ್ಷವಿದ್ದಾಗ ಆ ಕೆಂಪು ಬಂದಿತ್ತು. ವೈನಿಯ ಅಪ್ಪ ತೀರಿಕೊಂಡು ಅವಳು ರಾಣೆಬೆನ್ನೂರಿಗೆ ಹೋಗಿದ್ದಳು. ಅಣ್ಣ ಮಾಲಿನ ಲಾರಿಯ ಜೊತೆ ಗುಂಟೂರಿಗೆ ಹೋಗಿದ್ದ. ನಾನು ಆಗಿನ್ನೂ ಮೈಸೂರಿನಲ್ಲಿ ಓದುತ್ತಿದ್ದೆ. ಮಗುವಿಗೆ ಜ್ವರ ಬಂತು, ಕಿವಿ ಹಿಡಿದುಕೊಂಡು ಅತ್ತಿತು. ಅವ್ವ ದವಾಖಾನೆಗೆ ಒಯ್ದಳು, ಪೆನಿಸಿಲಿನ್ ಜಾತಿಯ ಸಿರಪ್ ಕೊಟ್ಟರು. ಎರಡು ದಿನ ಬಿಟ್ಟು ನರ್ಸಬಾಯಿ ವಿಚಾರಿಸಲು ಮನೆಗೆ ಬಂದರೆ ಮಗುವಿನ ಮೈತುಂಬ ದದ್ದು, ಮುಖ ಊದಿದೆ. "ಜ್ವರದ ಮೊದಲು ಕೆಮ್ಮು, ನೆಗಡಿ ಏನರೆ ಇತ್ತೇನಬೇ? ಓಣ್ಯಾಗ ಯಾರಿಗರೆ ಹಿಂಗ ಎದ್ದಾವೇನು?" ಎಂದು ಆಕೆ ಕೇಳಿದ್ದಾಳೆ. ಅವ್ವ "ಏನೂ ಇಲ್ರಿ" ಎಂದಿದ್ದಾಳೆ. ಹಾಗಾದರೆ ಇದು ಸಿರಪ್ಪಿನದೇ ಎಂದು ಆಕೆ ಅಲ್ಲಿಯೇ ಕೂತು ಗುರುತನ್ನು ಕೆಂಪು ಮಾಡಿ ಹೋದಳು.

ಎಂಟನೇ ವರ್ಷಕ್ಕೆ ನೀಲಾಗೆ ಗಂಟಲು ಕೆಟ್ಟಿತು. ಹಿಂದೆಯೇ ಮೊಣಕಾಲು ಊದಿದವು. ಆಮೇಲೆ ಕುಂಟಾಬಿಲ್ಲೆ ಆಡುವ ಹುಡುಗಿ ಅರ್ಧಕ್ಕೇ ಕೂತು ಏದುಸಿರು ಬಿಡತೊಡಗಿದಳು. ಈ ಕಾಯಿಲೆಯ ಹಣೆಬರಹವೇ ಹಾಗೆ. ಗಂಟಲಿಗೆ ಬಂದ ರೋಗಾಣುವಿನ ಮೇಲಿನ ಸಿಟ್ಟನ್ನು ಮೈ ತನ್ನದೇ ಹೃದಯದ ಮೇಲೆ ತೀರಿಸಿಕೊಳ್ಳುತ್ತದೆ, ಹೃದಯದ ಕವಾಟಗಳು ಕೆಡುತ್ತವೆ. ಪ್ರತಿ ಸಲ ಗಂಟಲು ಕೆಟ್ಟಾಗಲೂ ಇನ್ನಷ್ಟು ಕೆಡುತ್ತವೆ. ಗಂಟಲು ಕೆಡದಂತೆ ತಿಂಗಳು ತಿಂಗಳು ಪೆನಿಸಿಲಿನ್ ಸೂಜಿ ಹಾಕಿಸಿಕೊಂಡರೆ ಮುಗಿಯಿತು, ಮಗು ಬದುಕಿಕೊಳ್ಳುತ್ತದೆ. ಬೇರೆ ಔಷಧಗಳಿಗೆಲ್ಲ ಆ ರೋಗಾಣು ಎಂದೋ ಕ್ಯಾರೇ ಎನ್ನುವುದನ್ನು ಬಿಟ್ಟಿತ್ತು. ಅಜ್ಜ ಮುತ್ತಜ್ಜರ ಕಾಲದ ಪೆನಿಸಿಲಿನ್‌ಗೆ ಮಾತ್ರ ಇನ್ನೂ ಹೆದರುತ್ತಿತ್ತು. ಮತ್ತು ನಮ್ಮ ನೀಲಾಳ ಕೈ ಹತ್ತಿರ ತಂದರೆ ಆ ಸೂಜಿ ಬಿಗಿದುಕೊಳ್ಳುತ್ತಿತ್ತು.

ಎರಡು ವರ್ಷ ಒದ್ದಾಡಿದೆವು. "ನೀನ ಅಲ್ಲೇ ಕೆಲಸಾ ಮಾಡ್ತೀಯಲ್ಲ, ಅಳಿಸಿಬಿಡಬಾರದ ಅದನ್ನ?" ಎಂದು ಅಣ್ಣ ಸಿಡುಕುತ್ತಿದ್ದ. ಅಳಿಸುವುದು ನನ್ನ ಕೈಯಲ್ಲಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ದದ್ದಿಗೆ ಬೇರೆ ಕಾರಣವಿತ್ತು ಎಂದು ಕಣ್ಣಾರೆ ಕಂಡವರು ಬಂದು ಹೇಳಬೇಕು. ಆಗ ಮಾತ್ರ ಮಗುವಿಗೆ ಎದುರಿಗೇ ಔಷಧ ಕುಡಿಸಿ ಪರೀಕ್ಷೆ ಮಾಡಬಹುದು. ಮುಖ ಊದಿದ ಮಕ್ಕಳ ವಿಷಯದಲ್ಲಂತೂ ಈ ನಿಯಮ ಬಲು ಬಿಗಿ. ಪ್ರತಿ ಯುಗಾದಿಗೂ, ಪಂಚಮಿಗೂ ಊರಿಗೆ ಹೋದಾಗ ಅವ್ವನನ್ನು ಕೇಳಿದ್ದೇನೆ. "ಅವ್ವಾ, ನೆನಪು ಮಾಡ್ಕೋ. ಬ್ಯಾರೆ ಏನರೆ ಇತ್ತ?" "ಏನೂ ಇರಲಿಲ್ಲ" ಎನ್ನುತ್ತಿದ್ದಳು, ತೊಟ್ಟು ಮುರಿಯುವ ಕೈ ನಿಲ್ಲಿಸದೆ. ಸುಳ್ಳಾಡಿದವಳೇ ಅಲ್ಲ ನಮ್ಮವ್ವ. ನಂಬಿದ್ದೆ.

ಆ ವರ್ಷ ಮುದುಕಿಗೆ ಹೊಸ ಭಾಗವೊಂದನ್ನು ಜೋಡಿಸಿದರು. ನೆನಪಿನ ಕಣ ಹುಟ್ಟಿದ ಕಾಲವನ್ನು ಅದು ತಿಂಗಳ ಲೆಕ್ಕದಲ್ಲಿ ಹೇಳಬಲ್ಲದಾಯಿತು. ನಾನು ತಡೆಯದೆ ನೀಲಾಳ ನೆತ್ತರನ್ನು ತಂದು ಹಾಕಿದೆ. ಪರದೆಯ ಮೇಲೆ ಬಂದದ್ದನ್ನು ಎರಡೆರಡು ಸಲ ಓದಿದೆ. ಪೆನಿಸಿಲಿನ್ ವೈರಿ ಎಂಬ ನೆನಪು ಆ ಮಗುವಿನ ಮೈಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಅದೇ ಬೇಸಿಗೆಯಲ್ಲಿ, ಅದೇ ತಿಂಗಳಲ್ಲಿ ದಡಾರ ಬಂದು ಹೋದ ಗುರುತು ಮಾತ್ರ ಢಾಳಾಗಿ ಕಾಣುತ್ತಿತ್ತು. ಲಸಿಕೆ ಹಾಕಿಸಿದ ಮಕ್ಕಳನ್ನೂ ಬಿಡದ ಒಂದು ಬಗೆಯ ದಡಾರ ಆ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಹಬ್ಬಿತ್ತು.

ನಮ್ಮ ಮುಖ್ಯಸ್ಥೆ ಮುಜಾವರ ಮೇಡಂ ಬಳಿ ಓಡಿದೆ. ಆಕೆ ಕನ್ನಡಕ ಏರಿಸಿ, ಇಳಿಸಿ, ನಿಧಾನವಾಗಿ ನೋಡಿದರು. ಊರವರ ದಾನಮ್ಮ ಆಕೆಗೆ ದಾನೇಶ್ವರಿ.

"ಮುದುಕಿ ಹೇಳಿದ್ದು ಖರೇ ಇರಬೇಕು, ದಾನೇಶ್ವರಿ. ಆದ್ರ ಆಕಿ ಮಾತೊಂದ ಸಾಕಾಗೂದಿಲ್ಲ. ಬರೇ ಯಂತ್ರ ನಂಬಿ ಔಷಧ ಕುಡಿಸಿದಾಗ ಏನಾತು ಅಂತ ನಿಮಗೂ ಗೊತ್ತೈತಿ."

ಗೊತ್ತಿತ್ತು. ಬೇರೊಂದು ರಾಜ್ಯದಲ್ಲಿ ಒಂದು ಮಗು ಪರೀಕ್ಷೆಯ ಕೋಣೆಯಲ್ಲೇ ಹೋಗಿತ್ತು.

"ನಿಮ್ಮ ತಾಯಿಯವರು ಬರಲಿ. ನಾ ಕಂಡೇನಿ ಅಂತ ಹೇಳಲಿ. ಅವತ್ತ ಪರೀಕ್ಷೆ ಮಾಡೂಣು" ಎಂದರು. "ಮತ್ತ ಲಗೂನ ಕರಕೊಂಡು ಬರ್ರಿ."

ಬಸ್ಸಿನಲ್ಲಿ ಕೂತಾಗ ಎಲ್ಲ ತಿಳಿಯಿತು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಆದರೆ ಅದು ಮನೆಯೊಳಗೆ ಇರುವಾಗ ಆ ಹೆಸರನ್ನೂ ಎತ್ತುವುದಿಲ್ಲ. ‘ತಾಯಿ ಬಂದಾಳೆ’ ಎಂದು ಪಿಸುಗುಟ್ಟುತ್ತಾರೆ, ಅದೂ ಮನೆಯವರ ನಡುವೆ ಮಾತ್ರ. ಹೊರಗಿನವರಿಗೆ ಹೇಳಬಾರದು. ಹೇಳಿದರೆ ಬಂದ ತಾಯಿ ಮುನಿಯುತ್ತಾಳೆ, ಮಗುವನ್ನು ಜೊತೆಗೇ ಒಯ್ಯುತ್ತಾಳೆ. ದವಾಖಾನೆಯ ನರ್ಸಬಾಯಿಗಿಂತ ಹೊರಗಿನವರು ಯಾರಿದ್ದಾರೆ? ಆರು ವರ್ಷದ ಹಿಂದೆ ಅವ್ವ ಏನೂ ಇಲ್ಲವೆಂದದ್ದು ಅದಕ್ಕೆ. ಬಸ್ಸಿಳಿಯುವ ಹೊತ್ತಿಗೆ ನನ್ನ ಸಿಟ್ಟು ನೆತ್ತಿಗೇರಿತ್ತು.

ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಚಪ್ಪಲಿಯನ್ನೂ ಕಳಚದೆ ನಿಂತು ಕೇಳಿದೆ. "ಅವ್ವಾ, ಅವತ್ತ ನೀಲಾಗ ತಾಯಿ ಬಂದಿದ್ಲು. ಹೌದೋ ಅಲ್ಲೋ?"

ಅವಳ ಕೈ ಪಾತ್ರೆಯಲ್ಲೇ ನಿಂತಿತು. "ಯಾರು ಹೇಳಿದ್ರು ನಿನಗ?"

"ಆಕಿ ನೆತ್ತರ ಹೇಳೇತಿ."

"ಹಂಗಾದ್ರ ನನ್ನ ಯಾಕ ಕೇಳ್ತಿ?" ಎಂದು ಮತ್ತೆ ತಿಕ್ಕತೊಡಗಿದಳು.

"ನೀ ಬಂದು ಬಾಯಿ ಬಿಟ್ಟು ಹೇಳಬೇಕು, ಅದಕ್ಕ. ಇಷ್ಟು ವರ್ಷ ಆ ಕೂಸು ನಿನ್ನ ಕಣ್ಣ ಮುಂದ ಏದುಸಿರು ಬಿಡಾಕತ್ತೈತಿ, ನಿನಗೇನೂ ಅನಸಲಿಲ್ಲೇನವ್ವಾ? ಕಲ್ಲೇನು ನೀನು?"

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ನಿಮ್ಮ ಹಿರೇ ಅಣ್ಣ ಈರಣ್ಣ ಹೆಂಗ ಹೋದ ಗೊತ್ತೈತೇನು ನಿನಗ? ನೀ ಇನ್ನೂ ಹುಟ್ಟಿದ್ದಿಲ್ಲ. ತಾಯಿ ಬಂದಿದ್ಲು ಅಂವಗ. ಮನಿಯೊಳಗ ಮೆಣಸಿನಕಾಯಿ ತರಗೊಡಲಿಲ್ಲ, ಒಗ್ಗರಣಿ ಹಾಕಲಿಲ್ಲ, ಬೇವಿನ ತೊಪ್ಪಲದ ಮ್ಯಾಲೆ ಮಲಗಿಸಿ ಕಾಯ್ದೆ. ಆದ್ರ ನಿಮ್ಮಪ್ಪ ಕೇಳಲಿಲ್ಲ, ಹಟ ಹಿಡದು ದವಾಖಾನಿಗೆ ಒಯ್ದ. ಏನಾಗೇತಿ ಅಂತ ಡಾಕ್ಟರು ಕೇಳಿದ್ರು. ಹೆಸರು ಹಿಡದು ಹೇಳಿದಾಕಿ ನಾನ. ಆ ಸಂಜಿಗೇ ನನ್ನ ತೊಡಿ ಮ್ಯಾಲೆ ಕೂಸು ತಣ್ಣಗಾತು."

"ಅಂವಾ ಹೆಸರು ಹೇಳಿದ್ದಕ್ಕ ಸತ್ತಿಲ್ಲವ್ವಾ! ತಡಾ ಮಾಡಿ ಒಯ್ದಿದ್ದಕ್ಕ ಸತ್ತ. ಮನಿಯೊಳಗ ಇಟಗೊಂಡು ಕುಂತಿದ್ದಕ್ಕ ಸತ್ತ!"

ಅಂದುಬಿಟ್ಟೆ. ನನ್ನ ನಾಲಿಗೆಗೆ ಎಲುಬಿಲ್ಲ. ಅವ್ವ ತೊಳೆದ ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. ವೈನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅತ್ತೆಯ ಕಾಲು ಹಿಡಿದು ಅತ್ತಳು. ಅಣ್ಣ ಬೈದ, ಆಮೇಲೆ ಅವನೂ ಅತ್ತ. ಅವ್ವ ಒಂದೇ ಮಾತು ಹೇಳುತ್ತಿದ್ದಳು. "ಒಂದು ಕೂಸು ಬಾಯಿ ಬಿಟ್ಟು ಕಳಕೊಂಡೇನಿ. ಇನ್ನೊಂದನ್ನ ಕಳಕೊಳ್ಳಂಗಿಲ್ಲ. ನನ್ನ ಒತ್ತಾಯ ಮಾಡಬ್ಯಾಡ್ರಿ."

ಅವಳನ್ನು ಒಪ್ಪಿಸಿದ್ದು ನಾವಲ್ಲ, ನೀಲಾ. ಅಷ್ಟು ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇರುತ್ತಿದ್ದಳು. ಹಾಗೆ ಕೂತು, ತೊಟ್ಟು ಮುರಿದ ಮೆಣಸಿನಕಾಯಿಯನ್ನು ಕಾಲಬೆರಳಿನಿಂದ ತಳ್ಳುತ್ತ ಕೇಳಿದಳು.

"ಆಯಿ, ಆ ತಾಯಿ ನನಗ ಬಂದಿದ್ಲಲ್ಲ. ನಾ ಆಕಿಗೆ ಏನರೆ ಮಾಡೇನಿ?"

"ನೀ ಏನು ಮಾಡ್ತಿಯವ್ವಾ ನನ ಬಂಗಾರ. ಏನೂ ಮಾಡಿಲ್ಲ."

"ಮತ್ತ ನನ್ನ ಮ್ಯಾಲೆ ಯಾಕ ಸಿಟ್ಟಾಗತಾಳ ಆಕಿ? ನಾ ಸಾಲಿಗೆ ಹೋಗಬೇಕು ಅಂತ ಹೇಳು ಆಕಿಗೆ. ನಮ್ಮ ಟೀಚರು ನನ್ನ ಜಾಗಾದಾಗ ಆ ಸಕ್ಕೂನ ಕುಂದರಿಸ್ಯಾರ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮರುದಿನ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮೊಸರನ್ನದ ಎಡೆ ಹಿಡಿದು ದ್ಯಾಮವ್ವನ ಗುಡಿಗೆ ಹೋದಳು. ನಾನು ಹಿಂದೆಯೇ ಹೋಗಿದ್ದೆ. ಅವಳು ಹೊಸ್ತಿಲಿಗೆ ಹಣೆ ಹಚ್ಚಿ, "ತಪ್ಪಾದ್ರ ನನ್ನ ಒಯ್ಯಿ. ಕೂಸಿನ್ನ ಬಿಡು. ಲೆಕ್ಕಾ ತಪ್ಪಬ್ಯಾಡವಾ ನನ ತಾಯಿ" ಎನ್ನುತ್ತಿದ್ದುದು ಕೇಳಿಸಿತು. ಎದ್ದು ಬಂದು ನನ್ನ ಮುಖ ನೋಡದೆ "ನಡಿ" ಎಂದಳು.

ನಮ್ಮ ಕೇಂದ್ರದ ಸಾಕ್ಷಿಯ ಕೋಣೆ ಸಣ್ಣದು. ಮಾತು ಮುದ್ರಿಸಿಕೊಳ್ಳುವ ಯಂತ್ರ, ಎರಡು ಕುರ್ಚಿ, ಇಷ್ಟೇ. ಮನೆಯವಳೆಂದು ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಈಚೆ ನಿಂತಿದ್ದೆ. ಅವ್ವ ತಲೆತುಂಬ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುಜಾವರ ಮೇಡಂ ಮೆತ್ತಗೆ ಕೇಳಿದರು.

"ಅವತ್ತು ಕೂಸಿಗೆ ಏನಾಗಿತ್ತ್ರೀ ಅವ್ವಾರ?"

ಅವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮೇಡಂ ಅವಸರ ಮಾಡಲಿಲ್ಲ, ನೀರು ಕೊಟ್ಟರು. ಅವ್ವ ಕುಡಿಯಲಿಲ್ಲ.

"ಬಂದಿದ್ಲ್ರಿ."

"ಯಾರು? ಹೆಸರು ಹೇಳಬೇಕಾಗ್ತೈತ್ರಿ. ಯಂತ್ರಕ್ಕ ತಿಳಿಯೂದಿಲ್ಲ."

ಅವ್ವ ಕಣ್ಣು ಮುಚ್ಚಿ ಎರಡೂ ಕೈಯಿಂದ ತನ್ನ ಗಲ್ಲಕ್ಕೆ ಬಡಿದುಕೊಂಡಳು. "ಗೊಬ್ಬರ ಎದ್ದಿತ್ತ್ರಿ ನನ್ನ ಮೊಮ್ಮಗಳಿಗೆ. ಮೊದಲ ಕೆಮ್ಮು ಬಂತು. ಕಣ್ಣು ಕೆಂಪಾದುವು. ಸಿರಪ್ ಕುಡಸೂಕಿಂತ ಮೊದಲ ಕಿವಿ ಹಿಂದ ನಾಕು ಎದ್ದಿದ್ದುವು. ನಾ ಕಂಡೇನ್ರಿ. ಕಂಡೂ ಇಲ್ಲ ಅಂದೇನ್ರಿ." ಹೇಳಿ ಮುಗಿಸಿದವಳೇ ಬಾಗಿಲ ಕಡೆ ನೋಡಿದಳು, ಆಗಲೇ ಯಾರೋ ಬಂದು ನಿಂತಿದ್ದಾರೇನೋ ಎಂಬಂತೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಪರೀಕ್ಷೆ ಅದೇ ದಿನ ಆಯಿತು. ಪರೀಕ್ಷೆಗೆಂದೇ ಇಟ್ಟ, ಬಿಗಿದುಕೊಳ್ಳದ ಬಾಟಲಿಯಿಂದ ಮೊದಲು ಚಮಚದ ತುದಿಯಷ್ಟು ಔಷಧ. ಕಾಯ್ದೆವು. ಆಮೇಲೆ ಪೂರ್ತಿ ಚಮಚ. ಮತ್ತೆ ಕಾಯ್ದೆವು. ಮೇಡಂ ಎರಡು ಹೆಜ್ಜೆ ದೂರದಲ್ಲಿ ಜೀವ ಉಳಿಸುವ ಚುಚ್ಚುಮದ್ದು ಹಿಡಿದೇ ನಿಂತಿದ್ದರು. ನೀಲಾ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದಳು. "ನೋಡ್ರಿ, ಏನಿಲ್ಲ. ಬೆನ್ನು ನೋಡ್ರಿ, ಏನಿಲ್ಲ. ಇನ್ನ ಮನಿಗೆ ಹೋಗ್ಲೇನ್ರಿ?" ಸಂಜೆಯೊಳಗೆ ಅವಳ ಮಣಿಕಟ್ಟಿನ ಕೆಂಪು ಆರಿ, ಹಸಿರು ಹೊಳೆಯಿತು. ವೈನಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಬಿಡಲೇ ಒಲ್ಲಳು. ಪೆನಿಸಿಲಿನ್ ಸೂಜಿ ಬಿಗಿದುಕೊಳ್ಳದೆ ನೆಟ್ಟಗೆ ಕೆಲಸ ಮಾಡಿದ್ದನ್ನು ನಾನು ಮೊದಲ ಸಲ ನೀಲಾಳ ತೊಡೆಯ ಮೇಲೆ ನೋಡಿದೆ. ಆ ಸೂಜಿ ಬಲು ನೋಯುತ್ತದೆ. ನೀಲಾ ಕೇಂದ್ರವೇ ಹಾರಿಹೋಗುವಂತೆ ಕಿರುಚಿ, "ಇದಕ್ಕಿಂತ ಕೆಂಪನ ಚಲೋ ಇತ್ತು!" ಎಂದಳು. ಎಲ್ಲರೂ ನಕ್ಕೆವು. ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದ. ಅವ್ವ ಮಾತ್ರ ತಿನ್ನಲಿಲ್ಲ, ಮೊಮ್ಮಗಳ ಮುಖವನ್ನೇ ನೋಡುತ್ತ ಕೂತಿದ್ದಳು.

ಶ್ರಾವಣದಲ್ಲಿ ಇನ್ನೊಂದು ಸೂಜಿ ಆಯಿತು. ಗಂಟಲು ಮತ್ತೆ ಕೆಡಲಿಲ್ಲ. ಕೀಲು ಊದಲಿಲ್ಲ. ನೀಲಾ ನಾಲ್ಕು ದಿನ ಶಾಲೆಗೂ ಹೋಗಿಬಂದಳು, ಸಕ್ಕುವನ್ನು ಎಬ್ಬಿಸಿ ತನ್ನ ಜಾಗದಲ್ಲಿ ತಾನೇ ಕೂತಳಂತೆ. ಐದನೆಯ ದಿನ ಶಾಲೆಯಿಂದ ಅಣ್ಣ ಎತ್ತಿಕೊಂಡು ಬಂದ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಕವಾಟ ಬದಲಿಸಬೇಕು, ಆದರೆ ಮೈ ಸ್ವಲ್ಪ ಸುಧಾರಿಸಲಿ ಎಂದರು. ಸುಧಾರಿಸಲಿಲ್ಲ. ಆಪರೇಷನ್ ಎಂದು ಗೊತ್ತು ಮಾಡಿದ ದಿನದ ಹಿಂದಿನ ಮಧ್ಯಾಹ್ನ, ನನ್ನ ಕೈಯಿಂದ ಎರಡು ಗುಟುಕು ಗಂಜಿ ಕುಡಿದು, "ಸಾಕತ್ತಿ" ಎಂದು ಮುಖ ತಿರುಗಿಸಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಅಯ್ಯೋ ಶಿವನೇ. ಹತ್ತು ವರ್ಷವೂ ತುಂಬಿರಲಿಲ್ಲ.

ಮುಜಾವರ ಮೇಡಂ ಬಂದಿದ್ದರು. ಆಸ್ಪತ್ರೆಯ ವರಾಂಡದಲ್ಲಿ ನನ್ನ ಹೆಗಲು ಹಿಡಿದು ನಿಂತರು. "ಸೂಜಿ ತನ್ನ ಕೆಲಸ ಮಾಡೇತಿ, ದಾನೇಶ್ವರಿ. ಆದ್ರ ಕವಾಟ ಮೊದಲ ಹೋಗಿಬಿಟ್ಟಿದ್ದುವು. ಎರಡು ವರ್ಷದ ಹಿಂದ ಶುರು ಮಾಡಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಾತನ್ನು ನಾನು ಅಣ್ಣನಿಗೂ ಹೇಳಲಿಲ್ಲ, ವೈನಿಗೂ ಹೇಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಚನ್ನವ್ವ ರೊಟ್ಟಿ ತಂದಿಟ್ಟು, ಏನೂ ಕಾಡಿಸದೆ, ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತು ಹೋದಳು. ಅವ್ವ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ದಾನಮ್ಮ" ಎಂದಳು.

"ಏನವ್ವಾ."

"ನಾ ಹೆಸರು ಹಿಡದು ಹೇಳಿದೆ ನೋಡು. ಅದಕ್ಕ ಹೋತು ಕೂಸು." ದನಿ ಸಣ್ಣಗಿತ್ತು, ಯಾರ ಮೇಲೂ ಸಿಟ್ಟಿರಲಿಲ್ಲ. "ಈರಣ್ಣನ್ನೂ ಹಂಗ ಕಳಕೊಂಡೆ. ಗೊತ್ತಿದ್ದೂ ಮತ್ತ ಬಾಯಿ ಬಿಟ್ಟೆ. ನನ್ನ ಒಯ್ಯಿ ಅಂತ ಕೇಳಿದ್ದೆ ಆಕಿಗೆ. ಕೇಳಲಿಲ್ಲ ಆಕಿ."

ಇಲ್ಲವ್ವಾ, ನೀನು ಹೇಳಿದ್ದರಿಂದ ಅಲ್ಲ ಎನ್ನಬೇಕಿತ್ತು. ಬಾಯಿವರೆಗೆ ಬಂದಿತ್ತು. ಹಾಗೆಂದರೆ ಅವಳು ಮತ್ತೆ ಯಾಕೆ ಹೋಯಿತು ಎಂದು ಕೇಳುತ್ತಾಳೆ. ಅದಕ್ಕೆ ನನ್ನ ಬಳಿ ಇದ್ದ ಉತ್ತರ ಒಂದೇ: ನೀನು ಹೇಳದೆ ಇದ್ದುದರಿಂದ. ಬಾಯಿ ಬಿಟ್ಟು ಕೊಂದೆ ಎಂದುಕೊಂಡ ಮುದಿಜೀವಕ್ಕೆ, ಅಲ್ಲ, ಬಾಯಿ ಮುಚ್ಚಿಕೊಂಡು ಕೊಂದೆ ಎಂದು ಹೇಳಿ ಸಮಾಧಾನ ಮಾಡಲೇ? ಈರಣ್ಣನ ವಿಷಯದಲ್ಲಿ ಅಂದಂತೆ ಅನ್ನಲಿಕ್ಕೆ ಈ ಸಲ ನನ್ನಿಂದ ಆಗಲಿಲ್ಲ.

"ಹೇಳಬಾರದಿತ್ತಲ್ಲ?" ಎಂದು ಅವ್ವ ಮತ್ತೆ ಕೇಳಿದಳು. "ನೀ ಕಲ್ತಾಕಿ. ನಿನಗ ಗೊತ್ತಿರತೈತಿ. ಹೇಳಬಾರದಿತ್ತು, ಹೌದಿಲ್ಲೋ?"

ನಾನು ಅವಳ ಕೈ ಹಿಡಿದುಕೊಂಡೆ. ಮೆಣಸಿನಕಾಯಿಯಿಂದ ಬೆರಳ ತುದಿಗಳೆಲ್ಲ ಒಡೆದಿದ್ದವು. ಎಷ್ಟೋ ಹೊತ್ತು ಕಾದಳು. ಆಮೇಲೆ ನನ್ನ ಸುಮ್ಮನಿರುವಿಕೆಗೆ ತಲೆಯಾಡಿಸಿ, ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಅಂದಿನಿಂದ ನಮ್ಮವ್ವ ಯಾರ ಜೊತೆಗೂ ಮಾತಾಡುವುದಿಲ್ಲ. ಕರೆದರೆ ತಿರುಗಿ ನೋಡುತ್ತಾಳೆ, ಅಷ್ಟೇ.